ಒಗರಿನ ನೆಂಟಸ್ತಿಕೆ

ಚನ್ನಗಿರಿ ಸೀಮೆಯವರಿಗೆ ಕೆಂಪಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಅಡಿಕೆ ಸುಗ್ಗಿ ಬಂತೆಂದರೆ ಅಂಗಳ ಕೆಂಪು, ಟಾರ್ಪಾಲು ಕೆಂಪು, ಹಂಡೆಯ ಮುಂದೆ ನಿಂತವನ ಪಂಚೆ ಕೆಂಪು. ಸುಲಿಯುವ ಹೆಂಗಸರ ಬೆರಳು ಮಾತ್ರ ಕೆಂಪು ದಾಟಿ ಕಪ್ಪು. ಇಷ್ಟು ಸಾಲದೆಂದು ಬಸ್‌ಸ್ಟ್ಯಾಂಡಿನ ಗೋಡೆಯ ಮೂಲೆಗಳು ಬೇರೆ. ಹೀಗಿರುವಾಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಸೋದರಳಿಯ, ಉದ್ದ ಕಾಲಿನ ಗಾಜಿನ ಲೋಟದಲ್ಲಿ ಎರಡು ಗುಟುಕು ಕೆಂಪು ವೈನ್ ಹಾಕಿಕೊಟ್ಟು, "ಮಾಮ, ಕುಡಿದ ಮೇಲೆ ನಾಲಿಗೆ ಒಣಗಿದಂಗೆ, ಒಸಡು ಎಳೆದಂಗೆ ಆಗುತ್ತಲ್ಲ, ಅದಕ್ಕೆ ಟ್ಯಾನಿನ್ ಅಂತಾರೆ" ಎಂದು ವಿವರಿಸಲು ಹೊರಟ. ನಗು ತಡೆಯುವುದು ಕಷ್ಟವಾಯಿತು. ಹಸಿ ಅಡಿಕೆ ಜಗಿದು ಬೆಳೆದ ಬಾಯಿಗೆ ಒಗರಿನ ಪರಿಚಯ ಮಾಡಿಸುತ್ತಿದ್ದಾನಲ್ಲ!

ನನ್ನ ಗಮನ ಹಿಡಿದದ್ದು ಒಗರಲ್ಲ, ಬಾಟಲಿಯ ಮೇಲಿನ ಚೀಟಿ. ಕ್ಯಾಬರ್ನೆ ಸೊವಿನ್ಯಾನ್ ಮತ್ತು ಶಿರಾಜ್ ಎಂದು ಎರಡು ಜಾತಿಯ ದ್ರಾಕ್ಷಿಯ ಹೆಸರು ಅದರಲ್ಲಿ ಎದ್ದು ಕಾಣುತ್ತಿತ್ತು. ಅಂದರೆ ಇದು ಬೆರಕೆ ಮಾಲು, ಅದನ್ನು ಅವರೇ ಒಪ್ಪಿಕೊಂಡು ಅಚ್ಚು ಹಾಕಿಸಿದ್ದಾರೆ. ನಮ್ಮ ಮಂಡಿಯಲ್ಲಿ ರಾಶಿ ದರ್ಜೆಯ ಅಡಿಕೆ ಚೀಲದೊಳಗೆ ಕೆಳದರ್ಜೆಯ ಗೊರಬಲು ಸೇರಿದೆ ಎಂದು ಖರೀದಿದಾರ ಅಡಕತ್ತರಿಯಲ್ಲಿ ಒಂದು ಹೋಳು ಮಾಡಿ ಮೂಗು ಮುರಿದರೆ ಆ ಲಾಟಿನ ದರ ನಿಂತ ಜಾಗದಲ್ಲೇ ಬೀಳುತ್ತದೆ. ಬೆರೆಸಿದವನು ಎಲ್ಲೋ ಇದ್ದೇ ಇರುತ್ತಾನೆ, ಬೆರೆಸಿದ್ದೇನೆ ಎನ್ನುವವನು ಮಾತ್ರ ಸಿಕ್ಕುವುದಿಲ್ಲ. ಇಲ್ಲಿ ನೋಡಿದರೆ ಬೆರೆಸಿದ ಬಾಟಲಿಗೇ ಮರ್ಯಾದೆ ಹೆಚ್ಚು, ಬೆಲೆಯೂ ಹೆಚ್ಚು. ಅಂದಿನಿಂದ ಈ ವಿಷಯ ತಲೆಗೆ ಹತ್ತಿದೆ. ವೈನ್ ಹತ್ತಲಿಲ್ಲ, ಎರಡು ಗುಟುಕಿಗೆ ಹತ್ತುವುದೂ ಇಲ್ಲ.

ಮೊದಲು ಹುಟ್ಟಿನ ವಿಚಾರಕ್ಕೇ ಬರೋಣ. ಕೆಂಪು ವೈನಿನ ಲೋಕದಲ್ಲಿ ಮಹಾ ಕುಲೀನ ಎನಿಸಿಕೊಂಡಿರುವ ಕ್ಯಾಬರ್ನೆ ಸೊವಿನ್ಯಾನ್ ಯಾರ ಮಗ ಎಂದು ಬಹುಕಾಲ ಯಾರಿಗೂ ಖಚಿತವಿರಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಮತ್ತು ಜಾನ್ ಬವರ್ಸ್ ಡಿಎನ್‌ಎ ಪರೀಕ್ಷೆ ಮಾಡಿ, ಇದು ಕ್ಯಾಬರ್ನೆ ಫ್ರಾಂಕ್ ಎಂಬ ಕಪ್ಪು ದ್ರಾಕ್ಷಿಗೂ ಸೊವಿನ್ಯಾನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಗೂ ತಾನಾಗಿ ಹುಟ್ಟಿದ ಕೂಸು ಎಂದು ಪ್ರಕಟಿಸಿದ್ದು 1997ರಲ್ಲಿ. ಹೆಸರಿನಲ್ಲೇ ಅಪ್ಪ ಅಮ್ಮ ಇಬ್ಬರೂ ಇದ್ದರು, ನೋಡಿದವರಿಲ್ಲ ಅಷ್ಟೆ. ಅದೇ 1997ರ ಆಗಸ್ಟ್ 15ರಂದು ನಮ್ಮ ದಾವಣಗೆರೆ ಜಿಲ್ಲೆಯೂ ಹುಟ್ಟಿತು. ಅದರ ಕುಲವೂ ಹೀಗೆಯೇ: ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ. ಆಮೇಲೆ ಹರಪನಹಳ್ಳಿ ತವರಿಗೆ ಮರಳಿತು, ಹೊನ್ನಾಳಿಯಿಂದ ನ್ಯಾಮತಿ ಪಾಲಾಗಿ ಬೇರೆ ತಾಲ್ಲೂಕಾಯಿತು. ಇಷ್ಟಾದರೂ ಇಲ್ಲಿ ಒಂದೊಂದು ತಾಲ್ಲೂಕಿನ ಮಣ್ಣು, ಮಳೆ, ಮಾತಿನ ಧಾಟಿ ತನ್ನ ತನ್ನ ಗುಣ ಬಿಟ್ಟುಕೊಟ್ಟಿಲ್ಲ. ಜಗಳೂರಿನವನು ಮಳೆ ಬಗ್ಗೆ ಮಾತಾಡುವಾಗಿನ ಗಂಟಲೇ ಬೇರೆ, ನ್ಯಾಮತಿಯವನದೇ ಬೇರೆ.

ದ್ರಾಕ್ಷಿಯ ಬೆರಕೆ ಬೇರಿನಿಂದಲೇ ಶುರು. ಹತ್ತೊಂಬತ್ತನೇ ಶತಮಾನದ ಅರವತ್ತರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸಿನ ತೋಟಗಳ ಬೇರು ಹೀರಿ ಒಣಗಿಸತೊಡಗಿತು. ಕೊನೆಗೆ ಉಳಿದದ್ದು ಒಂದೇ ದಾರಿ, ಹೇನನ್ನು ತಾಳಿಕೊಳ್ಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಫ್ರೆಂಚ್ ಬಳ್ಳಿಯ ಕಸಿ. ಇವತ್ತಿಗೂ ಅಲ್ಲಿಯ ವೈನ್ ಸೀಮೆ ಬೋರ್ಡೋದ ಬಹುಪಾಲು ಬಳ್ಳಿಗಳ ಕಾಲು ಅಮೆರಿಕದ್ದು, ತಲೆ ಫ್ರಾನ್ಸಿನದು. ನಮ್ಮ ದೇಶದ ದ್ರಾಕ್ಷಿ ಬೆಳೆಗಾರರೂ ಡಾಗ್‌ರಿಡ್ಜ್ ಎಂಬ ಟೆಕ್ಸಾಸ್ ಮೂಲದ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಬರಕ್ಕೂ ಉಪ್ಪುನೀರಿಗೂ ಅದು ಜಗ್ಗುವುದಿಲ್ಲ. ಶುದ್ಧ ರಕ್ತ, ಶುದ್ಧ ತಳಿ ಎಂದು ಎದೆ ತಟ್ಟಿಕೊಳ್ಳುವವರು ಒಮ್ಮೆ ದ್ರಾಕ್ಷಿ ತೋಟದಲ್ಲಿ ನೆಲ ಬಗೆದು ನೋಡಬೇಕು.

ಸೋದರಳಿಯನ ಆ ಬಾಟಲಿಯ ಊರು ನಂದಿಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಕಡೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ವೈನ್ ತಜ್ಞರನ್ನು ಕರೆತಂದು, ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, 1988ರಲ್ಲಿ ಅಲ್ಲಿ ತೋಟ ಕಟ್ಟಿದರು. 1992ರಲ್ಲಿ ಮೊದಲ ವೈನ್ ಹೊರಬಂತು. ತೊಂಬತ್ತರ ದಶಕದ ನಡುವಿನಲ್ಲಿ ಬೋರ್ಡೋದ ಹೆಸರಾಂತ ಮಿಶೆಲ್ ರೋಲಾಂ ಸಲಹೆಗಾರರಾದರು. ಕ್ಯಾಬರ್ನೆ ಮತ್ತು ಶಿರಾಜ್ ಸೇರಿಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿಟ್ಟು ಮಾಗಿಸಿದ ಗ್ರೋವರ್ ಅವರ 'ಲಾ ರಿಸರ್ವ್' ಕರ್ನಾಟಕದ ಕೆಂಪು ವೈನಿಗೆ ಹೊರಗೆ ಹೆಸರು ತಂದಿತು. ಬಳಿಕ 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೇ ತಂದಿತು. ಅದಕ್ಕೂ ಬಹಳ ಹಿಂದಿನಿಂದ ಆ ಸೀಮೆಯಲ್ಲಿದ್ದದ್ದು ಬೆಂಗಳೂರು ನೀಲಿ ದ್ರಾಕ್ಷಿ. ನಮ್ಮ ಬಾಲ್ಯದಲ್ಲಿ ತಳ್ಳುಗಾಡಿಯಿಂದ ತಂದು ಸಿಪ್ಪೆ ಉಗಿದು ತಿನ್ನುತ್ತಿದ್ದೆವಲ್ಲ, ಅದೇ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಸಿಕ್ಕಿತು. ಗೋವಾದವರು ಪೋರ್ಟ್ ಎಂದು ಮಾರುವ ಸಿಹಿ ವೈನಿಗೆ ಬಹುಮಟ್ಟಿಗೆ ಇದೇ ಹಣ್ಣು. ಫ್ರೆಂಚ್ ತಳಿಗಳನ್ನು ಹೊಗಳುವವರು ಇದರ ವಾಸನೆಗೆ ಮೂಗು ಮುಚ್ಚುತ್ತಾರೆ. ನನಗಂತೂ ಆ ವಾಸನೆಯೇ ದ್ರಾಕ್ಷಿಯ ವಾಸನೆ.

ತೋಟದ ಲೆಕ್ಕಕ್ಕೆ ಬರುತ್ತೇನೆ. ಬೋರ್ಡೋದಲ್ಲಿ ಬಳ್ಳಿ ಚಳಿಗಾಲ ಪೂರ್ತಿ ನಿದ್ದೆ ಹೊಡೆದು ವಸಂತದಲ್ಲಿ ಕಣ್ಣು ಬಿಡುತ್ತದೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಣ್ಣು ಕೊಡುತ್ತದೆ. ನಮ್ಮಲ್ಲಿ ಚಳಿಯೇ ಇಲ್ಲ, ಬಳ್ಳಿಗೆ ನಿದ್ದೆಯೂ ಇಲ್ಲ. ಹಾಗಾಗಿ ಕತ್ತರಿಯೇ ಅದರ ಪಂಚಾಂಗ. ಏಪ್ರಿಲ್ ಹೊತ್ತಿಗೆ ಒಂದು ಚಾಟನಿ, ಕಡ್ಡಿ ಬೆಳೆಸಲಿಕ್ಕೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು, ಗೊಂಚಲು ಬಿಡಿಸಲಿಕ್ಕೆ. ಚಾಟನಿ ಎಂಬ ಮಾತನ್ನು ವಿಜಯಪುರ, ಬಾಗಲಕೋಟೆಯ ದ್ರಾಕ್ಷಿಯವರಿಂದ ಕಲಿತೆ, ಬಾಯಿಗೆ ಚೆನ್ನಾಗಿದೆ. ಹೀಗೆ ಮಾಡಿದರೆ ಹಣ್ಣು ಮಳೆಗಾಲ ತಪ್ಪಿಸಿಕೊಂಡು ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಕೈಗೆ ಬರುತ್ತದೆ.

ಆದರೆ ಅದು ಬಿಸಿಲು ಏರುವ ಕಾಲ. ಸೆಕೆಯಲ್ಲಿ ಹಣ್ಣಿನ ಸಕ್ಕರೆ ಓಡೋಡಿ ಏರುತ್ತದೆ, ಹುಳಿ ಸುಟ್ಟುಹೋಗುತ್ತದೆ, ಸಿಪ್ಪೆಯ ಬಣ್ಣ ಪೂರ್ತಿ ಕಟ್ಟುವುದಿಲ್ಲ. ಬೀಜದ ಒಗರು ಮಾಗಲು ಇನ್ನೂ ಸಮಯ ಬೇಕಿರುವಾಗಲೇ ಸಕ್ಕರೆ ಸಾಕೆನ್ನುತ್ತದೆ. ನಂದಿಯ ತಪ್ಪಲಿನ ಬೆಲೆ ಇರುವುದು ಇಲ್ಲೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಆ ನೆಲದಲ್ಲಿ ರಾತ್ರಿ ತಂಪಾಗುತ್ತದೆ, ಹಗಲು ಕಳೆದುಕೊಳ್ಳುತ್ತಿದ್ದ ಹುಳಿಯಲ್ಲಿ ಒಂದಿಷ್ಟನ್ನು ಹಣ್ಣು ಉಳಿಸಿಕೊಳ್ಳುತ್ತದೆ. ಬಿಸಿ ಸೀಮೆಯವರು ಕಡಿಮೆ ಬಿದ್ದ ಹುಳಿಗೆ ಟಾರ್ಟಾರಿಕ್ ಆಮ್ಲ ಸೇರಿಸುತ್ತಾರೆ. ಗಾಬರಿ ಬೇಡ, ನಮ್ಮ ಹುಣಸೆಹಣ್ಣಿನಲ್ಲಿರುವ ಹುಳಿ ಅದೇ. ಈ ಹುಳಿ ರುಚಿಗಷ್ಟೇ ಅಲ್ಲ, ಬಣ್ಣಕ್ಕೂ ಬೇಕು. ದ್ರಾಕ್ಷಿಯ ಕೆಂಪು ಹುಳಿಯಲ್ಲಿ ಮಾತ್ರ ಕೆಂಪು. ಕಪ್ಪು ದ್ರಾಕ್ಷಿಯ ಸಿಪ್ಪೆ ಹಿಂಡಿದ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ, ನೀಲಿ ಹಸಿರಿಗೆ ತಿರುಗುತ್ತದೆ. ಅಡಿಕೆಯದು ತದ್ವಿರುದ್ಧ ಸ್ವಭಾವ: ಸುಣ್ಣ ಬಿದ್ದರೆ ಮಾತ್ರ ಎಲೆ ಅಡಿಕೆ ಬಾಯಿ ಕೆಂಪಗಾಗುವುದು. ನೆಂಟರಾದರೂ ಒಬ್ಬನಿಗೆ ಹುಳಿ ಇಷ್ಟ, ಇನ್ನೊಬ್ಬನಿಗೆ ಸುಣ್ಣ.

ನೀರಿನ ವಿಷಯದಲ್ಲಂತೂ ಇಬ್ಬರೂ ಎಣ್ಣೆ ಸೀಗೆಕಾಯಿ. ಒಳ್ಳೆಯ ಕೆಂಪು ವೈನ್ ಬೇಕೆನ್ನುವವನು ಬಳ್ಳಿಯನ್ನು ಒಂದು ಹದಕ್ಕೆ ಬಾಯಾರಿಸುತ್ತಾನೆ. ನೀರು ಕಡಿಮೆಯಾದರೆ ಹಣ್ಣು ಸಣ್ಣದಾಗುತ್ತದೆ. ಹಣ್ಣು ಸಣ್ಣದಾದರೆ ರಸಕ್ಕೆ ಹೋಲಿಸಿ ಸಿಪ್ಪೆ ಹೆಚ್ಚು. ಬಣ್ಣ, ಪರಿಮಳ, ಒಗರಿನ ಒಂದು ಪಾಲು ಇರುವುದು ಸಿಪ್ಪೆಯಲ್ಲಿ. ಹೆಚ್ಚಿನ ಕಪ್ಪು ದ್ರಾಕ್ಷಿಯ ತಿರುಳು ಹಿಂಡಿದರೆ ರಸ ನೀರಿನಷ್ಟೇ ಬಣ್ಣಗೇಡಿ. ತೂಕಕ್ಕೆ ಆಸೆಪಟ್ಟು ನೀರು ಬಿಟ್ಟ ತೋಟದಿಂದ ಬರುವುದು ತೆಳು ಸಾರು. ಅಡಿಕೆ ಮರವನ್ನು ಹಾಗೆ ಬಾಯಾರಿಸಿದರೆ ಹರಳು ಉದುರಿ, ಮುಂದಿನ ವರ್ಷದ ಗೊನೆಯೂ ಕೈಬಿಡುತ್ತದೆ. ಅದಕ್ಕೆ ಬೇಸಿಗೆಯಲ್ಲೂ ಕಾಲಬುಡ ತಂಪಿರಬೇಕು.

ಚನ್ನಗಿರಿ ಬದುಕಿದ್ದೇ ಭದ್ರಾ ನಾಲೆಯಿಂದ. ಲಕ್ಕವಳ್ಳಿಯ ಅಣೆಕಟ್ಟೆ 186 ಅಡಿ ತುಂಬಿತೋ ಇಲ್ಲವೋ ಎಂಬುದು ನಮ್ಮಲ್ಲಿ ಮದುವೆ ಮಾತುಕತೆಗಿಂತ ಮೊದಲು ಬರುವ ಮಾತು. ಸೂಳೆಕೆರೆಯ ತಂಪು ಒಂದು ಕಡೆ, ನಾಲೆಯ ಬಸಿ ಇನ್ನೊಂದು ಕಡೆ. ಹೊನ್ನಾಳಿಗೆ ತುಂಗಭದ್ರೆಯೇ ಇದ್ದಾಳೆ, ಭತ್ತದ ಗದ್ದೆಗಳೇ ಈಗೀಗ ಅಡಿಕೆ ತೋಟಗಳಾಗುತ್ತಿವೆ. ನ್ಯಾಮತಿ ಮಲೆನಾಡಿನ ಸೆರಗು ಹಿಡಿದುಕೊಂಡ ಊರು. ಜಗಳೂರು ಮಾತ್ರ ಬೋಳು ಗುಡ್ಡ, ಕುರುಚಲು ಕಾಡು, ಕೊಂಡುಕುರಿ, ಮೆಕ್ಕೆಜೋಳ, ಈರುಳ್ಳಿ, ಶೇಂಗಾ. ಅಲ್ಲಿಯ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದರು. ಈಗ ಅಲ್ಲೂ ಅಡಿಕೆ ಸಸಿ ನೆಡುತ್ತಿದ್ದಾರೆ, ಬೋರ್‌ವೆಲ್ ನಂಬಿಕೊಂಡು. 2024ರ ಬೇಸಿಗೆಯಲ್ಲಿ ಚನ್ನಗಿರಿಯವರೇ ಟ್ಯಾಂಕರಿನಲ್ಲಿ ನೀರು ಹೊಡೆಸಿ ತೋಟ ಉಳಿಸಿಕೊಂಡದ್ದು ನೋಡಿಯೂ ಈ ಧೈರ್ಯ. ಬಾಯಾರಿಕೆಯನ್ನೇ ಗುಣ ಮಾಡಿಕೊಳ್ಳುವ ಬೆಳೆ ಬೇಕಾದ ನೆಲದಲ್ಲಿ, ಬಾಯಾರಿದರೆ ಸಾಯುವ ಮರ. ಹೇಳಿದರೆ ಕೇಳುತ್ತಾರೆಯೇ? "ಚನ್ನಗಿರಿಯೋರು ಕಾರು ತಗೊಂಡಿದ್ದು ಏನ್ ಬೆಳ್ದು?" ಎಂದು ತಿರುಗಿ ಕೇಳುತ್ತಾರೆ. ಉತ್ತರ ನನ್ನ ಬಳಿ ಇಲ್ಲ, ಏಕೆಂದರೆ ನನ್ನ ಕಾರೂ ಅದರಿಂದಲೇ ಬಂದದ್ದು.

ಬೋರ್ಡೋ ಎಂದಾಗಲೆಲ್ಲ ನನ್ನ ಸೋದರಳಿಯನ ಕಣ್ಣ ಮುಂದೆ ಫ್ರಾನ್ಸಿನ ಅರಮನೆಯಂಥ ಮನೆಗಳು, ನೆಲಮಾಳಿಗೆಗಳು ಬರುತ್ತವಂತೆ. ನನಗೆ ಬರುವುದು ನೀಲಿ ಬಕೆಟ್ಟು, ಮೈಲುತುತ್ತ, ಸುಣ್ಣ, ಮಳೆಯಲ್ಲಿ ಮರದ ತುದಿಗೆ ಮದ್ದು ಹೊಡೆಯುವವನು. ಅಡಿಕೆಯವರ ಬಾಯಲ್ಲಿ ಬೋರ್ಡೋ ಎಂದರೆ ಕೊಳೆರೋಗದ ಔಷಧ, ಅದೊಂದು ಊರು ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇದರ ಕಥೆ ವೈನಿಗಿಂತ ಸೊಗಸಾಗಿದೆ. ಬೋರ್ಡೋ ಸೀಮೆಯ ಮೆಡೋಕ್‌ನಲ್ಲಿ ದಾರಿ ಬದಿಯ ತೋಟದವರು ಹಣ್ಣು ಕದಿಯುವವರ ಕಾಟ ತಾಳಲಾರದೆ, ಮೈಲುತುತ್ತ ಮತ್ತು ಸುಣ್ಣ ಕಲಸಿ ಅಂಚಿನ ಬಳ್ಳಿಗಳಿಗೆ ಎರಚುತ್ತಿದ್ದರು. ಎಲೆ ನೀಲಿಯಾಗಿ, ನೋಡಿದವರಿಗೆ ವಿಷವೆನಿಸಿ, ಕಳ್ಳ ದೂರ ಉಳಿಯಲಿ ಎಂಬ ಉಪಾಯ. 1882ರಲ್ಲಿ ಪಿಯರ್ ಮಾರಿ ಅಲೆಕ್ಸಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ ನೋಡುತ್ತಾರೆ: ಒಳಗಿನ ಬಳ್ಳಿಗಳೆಲ್ಲ ಬೂಷ್ಟು ರೋಗದಿಂದ ಎಲೆ ಉದುರಿಸಿಕೊಂಡು ನಿಂತಿವೆ, ಕಳ್ಳರನ್ನು ಹೆದರಿಸಲು ನೀಲಿ ಬಳಿದ ಅಂಚಿನವು ಮಾತ್ರ ಹಸಿರಾಗಿವೆ. ಪ್ರಯೋಗ ನಡೆಸಿ 1885ರಲ್ಲಿ ಅವರು ದ್ರಾವಣದ ಪಾಕ ಪ್ರಕಟಿಸಿದರು.

ಕಾಲು ಶತಮಾನ ಕಳೆದು ಅದೇ ನೀಲಿ ನೀರು ನಮ್ಮ ಕಡೆ ಬಂತು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿದರು. 1910ರಲ್ಲಿ ಅವರ ವರದಿ ಅಚ್ಚಾಯಿತು. ಅಲ್ಲಿಯವರೆಗೆ ಮಳೆಗಾಲಕ್ಕೆ ಮುಂಚೆ ಗೊನೆಗೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುವುದೊಂದೇ ರೈತರಿಗಿದ್ದ ದಾರಿ. ದ್ರಾಕ್ಷಿಯ ಬೂಷ್ಟು, ಅಡಿಕೆಯ ಕೊಳೆ ಎರಡೂ ಹತ್ತಿರದ ಕುಲದ ರೋಗಾಣುಗಳ ಕೆಲಸವಾದ್ದರಿಂದ ಅಲ್ಲಿಯ ಮದ್ದು ಇಲ್ಲೂ ನಾಟಿತು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಒಟ್ಟಿಗೆ ಸುರಿಯಬೇಕು. ಆಮೇಲೆ ಕಬ್ಬಿಣದ ಚೂರಿ ಅದ್ದಿ ನೋಡಬೇಕು, ಚೂರಿಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಬೆರೆಸುವ ವಿದ್ಯೆಯಲ್ಲಿ ನನಗೆ ಸಿಕ್ಕ ಮೊದಲ ಪಾಠ ಇದೇ. ಬೋರ್ಡೋದವರು ಅಂದಿನ ನಮ್ಮ ಅಜ್ಜಂದಿರಿಗೆ ಬಾಟಲಿ ಕಳಿಸಲಿಲ್ಲ, ಬಕೆಟ್ಟು ಕಳಿಸಿದರು. ಅದರಿಂದ ಆದ ಉಪಕಾರ ದೊಡ್ಡದು.

ಇನ್ನು ಕೊಯ್ಲಾದ ಮೇಲಿನ ಮಾತು. ಅಡಿಕೆಯದು ನಿಮಗೆ ಗೊತ್ತಿದೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಣ್ಣಾಗುವ ಮುಂಚೆಯೇ ಹಸಿ ಗೊನೆ ಇಳಿಸಿ, ಸುಲಿದು, ಹಂಡೆಯಲ್ಲಿ ಬೇಯಿಸುತ್ತೇವೆ. ಎಳಸಾದಷ್ಟೂ ಒಗರು ಹೆಚ್ಚು, ಬಲಿತಷ್ಟೂ ಕಡಿಮೆ. ಬೆಂದ ಮೇಲೆ ಅಡಿಕೆಯ ಕಣ್ಣು ಸಡಿಲವಾಗಬೇಕು, ಅದು ಹದ. ಉಳಿದ ನೀರೇ ಚೊಗರು. ಅದನ್ನು ಚೆಲ್ಲುವುದಿಲ್ಲ. ಒಂದರ ಮೇಲೊಂದು ಒಬ್ಬೆ ಅದರಲ್ಲೇ ಬೇಯುತ್ತಾ ಚೊಗರು ದಪ್ಪವಾಗುತ್ತದೆ, ಅಡಿಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ಉಳಿದದ್ದನ್ನು ಡ್ರಮ್ಮಿನಲ್ಲಿ ಕಾಪಿಟ್ಟು ಮುಂದಿನ ವರ್ಷದ ಮೊದಲ ಹಂಡೆಗೆ ಹಾಕುವವರೂ ಉಂಟು. ಷಾಂಪೇನ್ ಸೀಮೆಯವರು ಹಳೆಯ ವರ್ಷಗಳ ವೈನ್ ತೆಗೆದಿಟ್ಟು ಹೊಸದಕ್ಕೆ ಬೆರೆಸಿ ಪ್ರತಿವರ್ಷ ಒಂದೇ ರುಚಿ ಕಾಪಾಡುತ್ತಾರೆಂದು ಓದಿದಾಗ ನನಗೇನೂ ಅಚ್ಚರಿಯಾಗಲಿಲ್ಲ. ಚೊಗರಿಗೆ ಬೇರೆ ಗಿರಾಕಿಗಳೂ ಇದ್ದಾರೆ: ಸಾಗರ ತಾಲ್ಲೂಕಿನ ಹೆಗ್ಗೋಡಿನ 'ಚರಕ' ಸಂಸ್ಥೆಯವರು ಕೈಮಗ್ಗದ ನೂಲಿಗೆ ಇದರಿಂದಲೇ ಬಣ್ಣ ಕಟ್ಟುತ್ತಾರೆ. ದ್ರಾಕ್ಷಿ ಬೀಜದ ಒಗರು, ಅಡಿಕೆಯ ಒಗರು ಎರಡೂ ರಸಾಯನಶಾಸ್ತ್ರದಲ್ಲಿ ಒಂದೇ ಮನೆತನದವು. ಬಾಯಲ್ಲಿ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರಿಕೆಯನ್ನು ಕಿತ್ತುಕೊಳ್ಳುವುದೇ ಇವುಗಳ ಕಸುಬು. ಎಳೆಯ ಕ್ಯಾಬರ್ನೆ ಒಂಟಿಯಾಗಿ ಬಾಯಿಗೆ ಬಿದ್ದರೆ ನಮ್ಮ ಕಡೆ ಹೇಳುವ ಹೊನ್ನಾಳಿ ಹೊಡ್ತ. ಬೆಣ್ಣೆದೋಸೆ ಜತೆಗಿದ್ದರೆ ಏಟು ಮೆತ್ತಗಾಗುತ್ತದೆ ಎಂಬುದು ನನ್ನ ಊಹೆ. ಖಾರದ ಮಿರ್ಚಿ ಜತೆಗಂತೂ ಬೇಡ, ಒಗರು ಖಾರ ಸೇರಿ ನಾಲಿಗೆಗೆ ಬೆಂಕಿ.

ವೈನಿನವರು ಬೇಯಿಸುವುದಿಲ್ಲ, ನೆನೆಸುತ್ತಾರೆ. ನಸುಕಿನಲ್ಲೇ ಕೊಯ್ದು ತಂದ ಗೊಂಚಲನ್ನು ಕಡ್ಡಿಯಿಂದ ಬಿಡಿಸಿ, ಒಡೆದು, ಸಿಪ್ಪೆ ಬೀಜ ಸಮೇತ ಉಕ್ಕಿನ ತೊಟ್ಟಿಗೆ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ, ಜತೆಗೆ ಶಾಖವನ್ನೂ ಅನಿಲವನ್ನೂ. ಆ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ಎತ್ತಿ ದಪ್ಪ ಕೆನೆ ಕಟ್ಟಿಸುತ್ತದೆ. ಸಿಪ್ಪೆ ಮೇಲೆ, ರಸ ಕೆಳಗೆ, ಹೀಗೆ ಬಿಟ್ಟರೆ ಬಣ್ಣ ಇಳಿಯುವುದೆಲ್ಲಿಂದ? ಆದ್ದರಿಂದ ದಿನಕ್ಕೆ ಕೆಲವು ಸಲ ಕೆಳಗಿನ ರಸವನ್ನು ಪಂಪಿನಲ್ಲಿ ಎತ್ತಿ ಕೆನೆಯ ಮೇಲೆ ಸುರಿಯುತ್ತಾರೆ, ಇಲ್ಲವೇ ಕೋಲಿನಿಂದ ಕೆನೆಯನ್ನು ಒಳಕ್ಕೆ ತುಳಿಯುತ್ತಾರೆ. ಶಾಖ 25ರಿಂದ 30 ಡಿಗ್ರಿಯ ಆಸುಪಾಸು. ಬಣ್ಣ ಮೊದಲ ಕೆಲವೇ ದಿನದಲ್ಲಿ ಬಿಟ್ಟುಕೊಳ್ಳುತ್ತದೆ. ಒಗರು, ಅದರಲ್ಲೂ ಬೀಜದ ಒರಟು ಒಗರು, ಮದ್ಯಸಾರ ಹೆಚ್ಚಿದ ಮೇಲೆ ನಿಧಾನ ಇಳಿಯುತ್ತದೆ. ಆದ್ದರಿಂದ ಸಿಪ್ಪೆಯನ್ನು ಇನ್ನೂ ಎಷ್ಟು ದಿನ ಬಿಡಬೇಕು ಎಂಬುದು ರುಚಿ ನೋಡಿ ಹೇಳುವ ಮಾತು. ತೋಟ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಕೈತಪ್ಪಿದರೆ ಹೋಯಿತು, ಹಂಡೆ ಮುಂದೆ ತೂಕಡಿಸಿದವನ ಅಡಿಕೆಯ ಗತಿಯೇ.

ಹಿಂಡಿ ತೆಗೆದ ಮೇಲೂ ಕೆಲಸ ಮುಗಿಯುವುದಿಲ್ಲ. ಹಸಿ ಸೇಬಿನಂಥ ಚೂಪು ಹುಳಿಯನ್ನು ಮೊಸರಿನ ಕುಲದ ಬ್ಯಾಕ್ಟೀರಿಯಾಗಳು ಮೆದು ಹುಳಿಯಾಗಿ ತಿರುಗಿಸುತ್ತವೆ. ಆಮೇಲೆ 225 ಲೀಟರಿನ ಓಕ್ ಪೀಪಾಯಿ. ಒಳಗೆ ಬೆಂಕಿ ತೋರಿಸಿ ಸುಟ್ಟ ಆ ಮರ ಒಂದಿಷ್ಟು ವೆನಿಲ್ಲಾ ವಾಸನೆ, ಒಂದಿಷ್ಟು ತನ್ನದೇ ಒಗರು ಸೇರಿಸುತ್ತದೆ. ಹಲಗೆಯ ಮೂಲಕ ಗಾಳಿ ಇಷ್ಟಿಷ್ಟೇ ಒಳಗೆ ಹೋಗಿ ವೈನಿನ ಒಗರಿನ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಮೆತ್ತಗಾಗುತ್ತವೆ. ಪೀಪಾಯಿ ಹೊಸದೋ ಹಳೆಯದೋ ಎಂಬುದರಿಂದಲೂ ರುಚಿ ಬದಲಾಗುತ್ತದೆ. ಹೊಸ ಪೀಪಾಯಿಯ ವಾಸನೆ ಅತಿಯಾದ ವೈನ್ ನನಗೆ ಹಿಡಿಸದು. ಮರ ಕುಡಿದಂತಾಗುತ್ತದೆ, ತೋಟ ಎಲ್ಲೋ ಕಳೆದುಹೋಗುತ್ತದೆ.

ಇಷ್ಟು ಹೊತ್ತೂ ಗಮನಿಸಬೇಕಾದ್ದು ಒಂದಿದೆ. ಕ್ಯಾಬರ್ನೆ ಬೇರೆ ತೊಟ್ಟಿ, ಶಿರಾಜ್ ಬೇರೆ ತೊಟ್ಟಿ. ಶ್ರದ್ಧೆಯುಳ್ಳವನು ಮೇಲಿನ ಹೊಲದ್ದು, ಕೆಳಗಿನ ಹೊಲದ್ದು, ಮೊದಲ ವಾರ ಕೊಯ್ದದ್ದು, ಮೂರನೇ ವಾರ ಕೊಯ್ದದ್ದು ಎಲ್ಲವನ್ನೂ ಬೇರೆ ಬೇರೆ ಇಡುತ್ತಾನೆ. ತಿಂಗಳುಗಟ್ಟಲೆ ಬೇರೆಯಾಗಿಯೇ ಬೆಳೆಯಲು ಬಿಟ್ಟು, ಕೊನೆಗೆ ಮೇಜಿನ ಮೇಲೆ ಅಳತೆಯ ಗಾಜಿನಲ್ಲಿ ಇದರಲ್ಲಿಷ್ಟು ಅದರಲ್ಲಿಷ್ಟು ಸೇರಿಸಿ, ಮೂಸಿ, ಬಾಯಿ ಮುಕ್ಕಳಿಸಿ ಉಗಿದು ಪಾಕ ನಿರ್ಧರಿಸುತ್ತಾನೆ. ಕ್ಯಾಬರ್ನೆಗೆ ಎಲುಬು ಗಟ್ಟಿ, ಆದಿ ಅಂತ್ಯ ಎರಡೂ ಇವೆ, ನಡುವೆ ಟೊಳ್ಳು. ಶಿರಾಜ್‌ಗೆ ಮೈತುಂಬ ಹಣ್ಣಿನ ರುಚಿ, ಮೆಣಸಿನ ಘಾಟು; ಆ ಟೊಳ್ಳು ತುಂಬುತ್ತದೆ. ಬೋರ್ಡೋದಲ್ಲಿ ಈ ಕೆಲಸ ಮಾಡುವುದು ಮೆರ್ಲೋ.

ಹಾಗೆಂದು ಅವರೇನೂ ರುಚಿಗಾಗಿಯೇ ಬೆರೆಸಲು ಕಲಿತರೆಂದು ನಾನು ನಂಬುವುದಿಲ್ಲ. ಮೆರ್ಲೋ ಬೇಗ ಚಿಗುರಿ ಬೇಗ ಹಣ್ಣಾಗುತ್ತದೆ, ಜೇಡಿಮಣ್ಣಿನ ತಂಪು ಸಹಿಸುತ್ತದೆ. ಕ್ಯಾಬರ್ನೆ ತಡ, ಅದಕ್ಕೆ ಬಿಸಿ ಹಿಡಿದಿಡುವ ಗರಸು ನೆಲ ಬೇಕು. ವಸಂತದ ಹಿಮ ಮೆರ್ಲೋ ಚಿಗುರನ್ನು ಸುಟ್ಟರೆ ಕ್ಯಾಬರ್ನೆ ಉಳಿಯಿತು, ಶರತ್ಕಾಲದ ಮಳೆ ಕ್ಯಾಬರ್ನೆಯನ್ನು ಕೊಳೆಸಿದರೆ ಮೆರ್ಲೋ ಅಷ್ಟರಲ್ಲಿ ಮನೆ ಸೇರಿತು. ಎರಡನ್ನೂ ನೆಟ್ಟವನು ರೈತ, ಹೆದರಿಕೆಯಿಂದ ನೆಟ್ಟ. ಅವನ ಹೆದರಿಕೆಯನ್ನು ವ್ಯಾಪಾರಿ ರುಚಿಯೆಂದು ಮಾರಿದ. ಒಂದೇ ತಳಿಯ ಹೆಸರು ಹೊತ್ತ ಬಾಟಲಿಯೂ ಪೂರ್ತಿ ಒಂದೇ ಇರಬೇಕಿಲ್ಲ: ಯುರೋಪಿನ ನಿಯಮದಲ್ಲಿ ಶೇಕಡಾ 85, ಅಮೆರಿಕದಲ್ಲಿ 75ರಷ್ಟು ಆ ತಳಿ ಇದ್ದರೆ ಹೆಸರು ಹಾಕಬಹುದು.

ನಮ್ಮ ಬೆರಕೆಗೂ ಅವರ ಬೆರಕೆಗೂ ವ್ಯತ್ಯಾಸ ನನಗೆ ಕಂಡದ್ದು ಇಲ್ಲಿ. ಚನ್ನಗಿರಿಯ ಬಹಳಷ್ಟು ಅಡಿಕೆ ಮರದಲ್ಲಿರುವಾಗಲೇ ಖೇಣಿಗೆ, ಅಂದರೆ ಫಸಲು ಗುತ್ತಿಗೆಗೆ, ಹೋಗುತ್ತದೆ. ಕೆಲವರ ಬಾಯಲ್ಲಿ ಚೇಣಿ. ಖೇಣಿದಾರ ನಾಲೆ ಬದಿಯ ತೋಟ, ಬೋರ್‌ವೆಲ್ ತೋಟ, ನ್ಯಾಮತಿ ಕಡೆಯ ತೋಟ, ಹೀಗೆ ಹತ್ತು ಕಡೆಯಿಂದ ತಂದು ಒಂದೇ ಯಂತ್ರದಲ್ಲಿ ಸುಲಿಸಿ ಒಂದೇ ಹಂಡೆಗೆ ಸುರಿಯುತ್ತಾನೆ. ಕಪ್ಪು ನೆಲದ ಕಾಯಿ ಹೇಗೆ ಬಣ್ಣ ಕಟ್ಟುತ್ತದೆ, ಕೆಂಪು ಗರಸಿನ ಕಾಯಿ ಎಷ್ಟು ಹೊತ್ತು ಬೇಯಬೇಕು ಎಂದು ಯಾರಿಗೂ ಬೇರೆ ಬೇರೆಯಾಗಿ ಗೊತ್ತಾಗುವ ಪ್ರಸಂಗವೇ ಬರುವುದಿಲ್ಲ. ತೂತಿನ ಸೌಟು ಎತ್ತುವ ಹೊತ್ತಿಗೆ ಎಲ್ಲವೂ ಒಂದೇ, ರಾಶಿ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 12-13 ಕೆಜಿ ಒಣ ರಾಶಿ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ, ಯಾವ ತೋಟದ್ದು ಎಂಥ ಗುಣ ಎಂಬ ಲೆಕ್ಕ ಯಾರಲ್ಲೂ ಇಲ್ಲ. ಬೇರೆಯಾಗಿ ಅರಿಯದೆ ಬೆರೆಸಿದ್ದು ಗುಡ್ಡೆ, ಅರಿತು ಬೆರೆಸಿದ್ದು ಪಾಕ. ಗುಡ್ಡೆಯಲ್ಲಿ ಬಣ್ಣ ಕಡಿಮೆ ಬಿದ್ದಾಗ ಚೊಗರಿಗೆ ಕಾಯುವ ತಾಳ್ಮೆ ಇಲ್ಲದವರು ಅಂಗಡಿಯ ಬಣ್ಣಕ್ಕೆ ಕೈ ಹಾಕುತ್ತಾರೆ. ಹಣ್ಣಾಗಿ ಒಗರು ಕಳೆದುಕೊಂಡ ಗೋಟಡಿಕೆಗೆ ಬಣ್ಣ ಬಳಿದು ರಾಶಿಯೊಳಗೆ ಸೇರಿಸುವ ದೂರು ನಮ್ಮ ಸಹಕಾರ ಸಂಘಗಳ ಸಭೆಗಳಲ್ಲಿ ಹೊಸದೇನಲ್ಲ. ಶಿವಮೊಗ್ಗದ ಮ್ಯಾಮ್‌ಕೋಸ್, ನಮ್ಮ ತುಮ್ಕೋಸ್‌ಗಳಂಥ ಸಂಘಗಳು ಮಾದರಿ ನೋಡಿ, ದರ್ಜೆ ಕಟ್ಟಿ ಈ ಕಾಟಕ್ಕೆ ಒಂದು ಮಟ್ಟಿಗೆ ಅಡ್ಡ ನಿಂತಿವೆ. ಆದರೂ ಚೀಲದ ಮೇಲೆ ತೋಟದ ಹೆಸರು ಬರೆಯುವ ದಿನ ದೂರವಿದೆ.

ಇಲ್ಲೊಂದು ಇತಿಹಾಸದ ಒಗ್ಗರಣೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಎರಡನೇ ದೇವರಾಯ ತಾಂಬೂಲ ಕೊಟ್ಟು ಮರ್ಯಾದೆ ಮಾಡಿದ. ಮದ್ಯ ನಿಷಿದ್ಧವಾದ ಧರ್ಮದ ಆ ಮನುಷ್ಯ ಎಲೆ ಅಡಿಕೆಯ ಗುಣಗಳನ್ನು ಉದ್ದಕ್ಕೆ ಬರೆದು, ಅದು ವೈನಿನಂಥ ಅಮಲು ತರುತ್ತದೆ ಎಂದೂ ಸೇರಿಸಿದ್ದಾನೆ. ಅಷ್ಟು ದೊಡ್ಡ ಅಂತಃಪುರವನ್ನು ಅರಸ ನಿಭಾಯಿಸುವುದು ಇದರ ಬಲದಿಂದಲೇ ಇರಬೇಕು ಎಂಬ ಅನುಮಾನವೂ ಅವನಿಗಿತ್ತು. ನಮ್ಮ ಕಾಲದ ಲೆಕ್ಕ ಇಷ್ಟು ರಸಿಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲಿ, ಅಡಿಕೆಯನ್ನು 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನೆಂಟರಿಬ್ಬರೂ ಕೊನೆಗೆ ಒಂದೇ ಪಟ್ಟಿಯಲ್ಲಿ ಕೂತಿದ್ದಾರೆ. ಪಟ್ಟಿಯನ್ನು ನಂಬದಿರಲು ನನಗೆ ಕಾರಣವಿಲ್ಲ, ತೋಟ ಕಡಿಯಲು ಧೈರ್ಯವಿಲ್ಲ.

ಇದನ್ನೆಲ್ಲ ನಮ್ಮ ಮನೆಯ ಹಂಡೆ ಕಾಯುವ ಅಜ್ಜನಿಗೆ ಹೇಳಿದೆ. ವಯಸ್ಸೆಲ್ಲ ಚೊಗರಿನ ಹಬೆಯಲ್ಲೇ ಕಳೆದವರು. ನೀರಿನ ಬಣ್ಣ ನೋಡಿಯೇ ಒಬ್ಬೆಯ ಹದ ಹೇಳುತ್ತಾರೆ. ಸಿಪ್ಪೆಯನ್ನು ವಾರಗಟ್ಟಲೆ ನೆನೆಸುತ್ತಾರೆ ಎಂದಾಗ ಅವರಿಗೆ ಸರಿಬರಲಿಲ್ಲ.

"ಅಷ್ಟು ದಿನ ಯಾಕ್ ನೆನೆಸ್ಬೇಕು ಯಜಮಾನ್ರೇ? ಒಂದು ಕುದಿ ಬರಿಸಿದ್ರೆ ಬಣ್ಣ ತಾನೇ ಬಿಡ್ತೈತಲ್ಲ?"

ಹಾಗೆ ಮಾಡುವವರೂ ಇದ್ದಾರೆ, ಅಜ್ಜ. ಒಡೆದ ಹಣ್ಣನ್ನು 60-70 ಡಿಗ್ರಿಗೆ ಕಾಯಿಸಿ ಬಣ್ಣ ಬಿಡಿಸಿಕೊಳ್ಳುವ ಪದ್ಧತಿ ಫ್ರಾನ್ಸಿನಲ್ಲೇ ಉಂಟು ಎಂದೆ. ಅವರ ಮುಖ ಅರಳಿತು.

"ಹಂಗಾರೆ ಅವ್ರೂ ನಮ್ಮ ಕಸುಬಿನೋರೇ. ಬಾಟ್ಲಿಗೆ ಎಷ್ಟು ಹಣ್ಣು ಬೇಕಾಗ್ತೈತಿ?"

"ಒಂದು ಕೆಜಿ, ಅಥವಾ ಸ್ವಲ್ಪ ಮೇಲೆ."

"ಸಿಪ್ಪೆ?"

"ಹಿಂಡಿ ಗೊಬ್ಬರಕ್ಕೆ ಹಾಕ್ತಾರೆ."

ಅಜ್ಜ ಸ್ವಲ್ಪ ಹೊತ್ತು ಒಲೆಗೆ ಸೌದೆ ನೂಕುತ್ತಾ ಕೂತರು. ಆಮೇಲೆ ಹಂಡೆಯ ಕಂಠದಲ್ಲಿ ಕಪ್ಪಗೆ ಗಟ್ಟಿಕಟ್ಟಿದ್ದ ಚೊಗರನ್ನು ತೋರಿಸಿ ಕೇಳಿದರು: "ಆ ತೊಟ್ಟಿ ಪೀಪಾಯೆಲ್ಲ ತಿಕ್ಕಾಕೆ ಎಷ್ಟು ಆಳು ಇಟ್ಕಂಡಾರಂತೆ? ಕೂಲಿ ಎಷ್ಟು ಕೊಡ್ತಾರೆ ವಸಿ ಕೇಳ್ಕಂಬರ್ರಿ."